ದೆವ್ವಕ್ಕೆ ಮುಖ ಬೇಡ: ಕೇಳಿದ ಕಥೆಯಿಂದ ಒಂದು ಚಿತ್ರ ಮಾಡುವ ಬಗೆ

ತಿಪಟೂರು ಕಡೆಯ ನಮ್ಮಜ್ಜಿ ಕೊಳ್ಳಿ ದೆವ್ವದ ಕಥೆ ಹೇಳುತ್ತಿದ್ದರು. ಅಮಾವಾಸ್ಯೆ ರಾತ್ರಿ ಕೆರೆ ಏರಿ ಮೇಲೆ ಒಂದು ಬೆಂಕಿ ನಡೆದುಕೊಂಡು ಹೋಗುತ್ತದೆ. ನಾವು ಹತ್ತಿರ ಹೋದರೆ ಅದು ದೂರ ಸರಿಯುತ್ತದೆ. ನಾವು ನಿಂತರೆ ಅದೂ ನಿಲ್ಲುತ್ತದೆ. ಇಷ್ಟೇ ಕಥೆ.

ಚಿತ್ರ ಬರೆಯಲು ಶುರು ಮಾಡಿದ ಹೊಸದರಲ್ಲಿ ಇದನ್ನೇ ಬರೆದೆ. ಕೆದರಿದ ಕೂದಲು, ಕೋರೆ ಹಲ್ಲು, ಕೆಂಪು ಕಣ್ಣು, ಕೈಯಲ್ಲಿ ಉರಿಯುವ ಕೊಳ್ಳಿ. ಅಜ್ಜಿಗೆ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. "ಇದ್ಯಾರು ಮಗಾ? ನಾನು ಹೇಳಿದ್ದಕ್ಕೆ ಮುಖ ಎಲ್ಲಿತ್ತು? ಬರೀ ಬೆಂಕಿ ಅಲ್ವಾ ಅದು" ಅಂದರು.

ಆ ಕೋರೆ ಹಲ್ಲು ನನಗೆ ಬಂದಿದ್ದು ಸಿನಿಮಾ ಪೋಸ್ಟರ್‌ಗಳಿಂದ. ಅಜ್ಜಿಯ ಕಥೆಯಲ್ಲಿ ಇದ್ದದ್ದು ಕೆರೆ, ಏರಿ, ಕತ್ತಲು ಮತ್ತು ಒಂದು ದೂರ. ಅಷ್ಟು ಒಳ್ಳೆಯ ಚಿತ್ರವನ್ನು ಅವರು ಮಾತಿನಲ್ಲೇ ಬರೆದುಕೊಟ್ಟಿದ್ದರು, ನನಗೆ ಕೇಳಿಸಿರಲಿಲ್ಲ. ಜಾನಪದದಿಂದ ಚಿತ್ರ ಮಾಡಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದೇ ಇದು: ದೆವ್ವವನ್ನು ಬರೆಯಲು ಅವಸರ ಮಾಡಬೇಡಿ. ಅದು ಬಂದ ಜಾಗ, ಬಂದ ಹೊತ್ತು, ಮುಟ್ಟಿದ ವಸ್ತು, ಇವನ್ನು ಹುಡುಕಿ. ಹುಡುಕುವುದು ಹೇಗೆ ಅಂತ, ನಾನು ಮಾಡುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲು: ಕಿವಿಯಿಂದ ಶುರು ಮಾಡಿ

ಒಂದೇ ಕಥೆ ಹಿಡಿಯಿರಿ. ಅದು ನೀವು ಯಾರ ಬಾಯಿಂದಲಾದರೂ ಕೇಳಿದ ಕಥೆಯಾಗಿದ್ದರೆ ಒಳ್ಳೆಯದು. ಮೊದಲ ಒಂದು ವಾರ ಇಂಟರ್ನೆಟ್‌ನಲ್ಲಿ ಚಿತ್ರ ಹುಡುಕಲೇಬೇಡಿ. ಒಮ್ಮೆ ಬೇರೆಯವರ ಮೋಹಿನಿ ಕಣ್ಣಿಗೆ ಬಿದ್ದರೆ ನಿಮ್ಮ ಮೋಹಿನಿ ಮತ್ತೆ ಬರುವುದಿಲ್ಲ.

ಹಿರಿಯರನ್ನು ಕೇಳುವಾಗ "ನೀವು ದೆವ್ವ ನೋಡಿದ್ದೀರಾ?" ಅಂತ ಕೇಳಿದರೆ ಇಲ್ಲಪ್ಪ ಅಂತ ನಕ್ಕು ಸುಮ್ಮನಾಗುತ್ತಾರೆ. ಬೇರೆ ಥರ ಕೇಳಿ. "ನೀವು ಚಿಕ್ಕವರಿದ್ದಾಗ ಹೊತ್ತು ಮುಳುಗಿದ ಮೇಲೆ ಯಾವ ಕಡೆ ಹೋಗಬೇಡಿ ಅಂತಿದ್ರು?" ಈ ಪ್ರಶ್ನೆಗೆ ಉತ್ತರ ಇಲ್ಲದ ಊರನ್ನು ನಾನು ಇನ್ನೂ ನೋಡಿಲ್ಲ. ಒಂದು ಹುಣಸೆ ಮರ ಬರುತ್ತದೆ, ಒಂದು ಹಾಳು ಬಾವಿ ಬರುತ್ತದೆ, ಬ್ರಹ್ಮರಾಕ್ಷಸ ಇರುವ ಅರಳಿ ಮರ ಬರುತ್ತದೆ. ಮಲೆನಾಡಿನವರಾದರೆ ಕಾಡಂಚಿನ ಚೌಡಿಯ ಜಾಗ ಬರುತ್ತದೆ.

ಒಪ್ಪಿಗೆ ಕೇಳಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ಇಷ್ಟನ್ನು ವಿಚಾರಿಸಿ: ಎಷ್ಟು ಹೊತ್ತಿಗೆ? ಮಳೆಯೋ, ಬೆಳದಿಂಗಳೋ? ಏನು ಕೇಳಿಸಿತು, ಏನು ವಾಸನೆ ಬಂತು? ಕೈಯಲ್ಲಿ ಏನಿತ್ತು? ಕೊನೆಯ ಪ್ರಶ್ನೆ ತುಂಬಾ ಮುಖ್ಯ. "ಕೈಯಲ್ಲಿ ಹಾಲಿನ ತಂಬಿಗೆ ಇತ್ತು" ಅಂದರೆ ಅಲ್ಲಿಗೆ ಒಂದು ಬಿಳಿ ಬಣ್ಣ, ಒಂದು ಲೋಹದ ಹೊಳಪು, ಚೆಲ್ಲಿಹೋಗುವ ಭಯ, ಮೂರೂ ಒಟ್ಟಿಗೆ ಸಿಕ್ಕಿದವು.

ದೂರದ ದೇಶದಲ್ಲಿರುವವರು ವಿಡಿಯೋ ಕಾಲ್‌ನಲ್ಲೇ ಕೇಳಬಹುದು. ಹಬ್ಬದ ದಿನ ಬೇಡ, ಗಲಾಟೆ ಇರುತ್ತದೆ. ಮಧ್ಯಾಹ್ನ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತು ನೋಡಿ ಮಾಡಿ.

ಎರಡನೆಯದು: ಆ ಹೊತ್ತಿಗೆ, ಆ ಜಾಗಕ್ಕೆ ಹೋಗಿ

ಕಥೆ ಸಂಜೆಯದಾದರೆ ಸಂಜೆಯೇ ಹೋಗಿ. ಅದೇ ಊರಿಗೆ ಹೋಗಲು ಆಗದಿದ್ದರೆ ಅಂಥದ್ದೇ ಜಾಗ ಸಾಕು. ಒಬ್ಬರೇ ಹೋಗಬೇಡಿ. ಕಾರಣ ದೆವ್ವ ಅಲ್ಲ, ಹಾವು ಮತ್ತು ಗುಂಡಿ.

ಅಲ್ಲಿ ಹೋಗಿ ಟಾರ್ಚ್ ಆರಿಸಿ ಕೂತುಕೊಳ್ಳಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಮೊಬೈಲ್ ನೋಡಿದರೆ ಮತ್ತೆ ಮೊದಲಿಂದ. ಅಷ್ಟು ಹೊತ್ತು ಕೂತವರಿಗೆ ಮಾತ್ರ ಕಾಣುವ ಕೆಲವು ಸಂಗತಿಗಳಿವೆ. ಕತ್ತಲಾಗುತ್ತಾ ಹೋದಂತೆ ಮೊದಲು ಸಾಯುವುದು ಕೆಂಪು. ಹಗಲಲ್ಲಿ ಎದ್ದು ಕಾಣುವ ಕೆಂಪು ಸೀರೆ, ಹಣೆಯ ಕುಂಕುಮ, ಕಣಗಿಲೆ ಹೂವು ಎಲ್ಲ ಕಪ್ಪಾಗಿ ಕಾಣುತ್ತವೆ. ನೀಲಿ ಮತ್ತು ಹಸಿರು ಮಾತ್ರ ತುಸು ಹೊತ್ತು ಹೆಚ್ಚಿಗೆ ಉಳಿಯುತ್ತವೆ. ನಮ್ಮ ಕಣ್ಣು ಕೆಲಸ ಮಾಡುವ ರೀತಿಯೇ ಹಾಗೆ.

ಅಂದ ಮೇಲೆ ಬೆಳದಿಂಗಳಲ್ಲಿ ನಿಂತ ಹೆಂಗಸಿಗೆ ಕಡುಗೆಂಪು ಸೀರೆ ಉಡಿಸಿದರೆ ಚಿತ್ರ ಸುಳ್ಳು ಹೇಳುತ್ತದೆ. ನೋಡುವವರಿಗೆ ಯಾಕೆ ಅಂತ ಗೊತ್ತಾಗದಿದ್ದರೂ ನಂಬಿಕೆ ಬರುವುದಿಲ್ಲ. ಅವಳ ಹಣೆಯಲ್ಲಿ ಕಪ್ಪು ಬೊಟ್ಟು ಇಡಿ. ಹತ್ತಿರದಲ್ಲಿ ಒಂದು ದೀಪ ಇದ್ದರೆ, ದೀಪದ ಕಡೆಯ ಅರ್ಧ ಬೊಟ್ಟು ಮಾತ್ರ ಕೆಂಪಾಗಲಿ. ಅಷ್ಟರಿಂದಲೇ ಮೈ ಜುಂ ಅನ್ನುತ್ತದೆ.

ಬರೆದುಕೊಳ್ಳಲು ದೊಡ್ಡ ಪುಸ್ತಕ ಬೇಡ. ಕತ್ತಲಲ್ಲಿ ಕಾಗದ ಕಾಣುವುದೂ ಇಲ್ಲ. ಮನೆಗೆ ಬಂದ ಕೂಡಲೇ, ಊಟಕ್ಕೂ ಮುಂಚೆ, ನೆನಪಿನಿಂದ ಬರೆಯಿರಿ. ಮರೆತದ್ದು ಹೋಗಲಿ. ನೆನಪು ಉಳಿಸಿಕೊಂಡದ್ದೇ ಚಿತ್ರಕ್ಕೆ ಬೇಕಾದದ್ದು.

ಮೂರನೆಯದು: ಕಥೆಯ ಯಾವ ಗಳಿಗೆ?

ಹೆಚ್ಚಿನ ಚಿತ್ರಗಳು ಇಲ್ಲೇ ಸೋಲುತ್ತವೆ ಅಂತ ನನಗೆ ಅನ್ನಿಸುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಹೂವಿನ ಗಿಡವಾಗುವ ಹುಡುಗಿಯ ಕಥೆ ನಿಮಗೆ ಗೊತ್ತಿರಬಹುದು. ಬಡ ತಾಯಿ, ಇಬ್ಬರು ಹೆಣ್ಣುಮಕ್ಕಳು. ಕಿರಿಯವಳು ಅಕ್ಕನಿಗೆ ಹೇಳುತ್ತಾಳೆ: ಎರಡು ಕೊಡ ನೀರು ತಾ, ಉಗುರು ಸೋಕಬಾರದು. ನಾನು ಧ್ಯಾನ ಮಾಡುತ್ತಾ ಕೂರುತ್ತೇನೆ, ಒಂದು ಕೊಡ ನನ್ನ ಮೇಲೆ ಸುರಿ. ನಾನು ಗಿಡವಾಗುತ್ತೇನೆ. ಎಲೆ ಕುಡಿ ಹರಿಯದಂತೆ ಹೂವು ಬಿಡಿಸಿಕೋ. ಆಮೇಲೆ ಇನ್ನೊಂದು ಕೊಡ ಸುರಿ, ಮತ್ತೆ ನಾನಾಗುತ್ತೇನೆ. ಹೂವು ಮಾರಿ ಮನೆ ನಡೆಯುತ್ತದೆ. ಮುಂದೆ ಅವಳನ್ನು ರಾಜಕುಮಾರ ಮದುವೆಯಾಗುತ್ತಾನೆ. ಒಂದು ದಿನ ನಾದಿನಿ ಮತ್ತು ಅವಳ ಗೆಳತಿಯರು ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಗಿಡವಾಗು ಅಂತ ಹಟ ಹಿಡಿಯುತ್ತಾರೆ. ಸಿಕ್ಕ ಸಿಕ್ಕ ಹಾಗೆ ಕೊಂಬೆ ಮುರಿಯುತ್ತಾರೆ. ಅವಳು ಪೂರ್ತಿ ಮನುಷ್ಯಳಾಗದೆ, ಕೈಕಾಲಿಲ್ಲದೆ ಉಳಿಯುತ್ತಾಳೆ.

ಇದನ್ನು ಬರೆಯಲು ಕೂತರೆ ಎಲ್ಲರ ಕೈಯೂ ಒಂದೇ ಕಡೆ ಹೋಗುತ್ತದೆ. ಅರ್ಧ ಹುಡುಗಿ, ಅರ್ಧ ಗಿಡ, ಬೆರಳ ತುದಿಯಲ್ಲಿ ಮೊಗ್ಗು. ಚೆಂದ ಇರುತ್ತದೆ, ಆದರೆ ಕಥೆಯ ನೋವು ಅದರಲ್ಲಿ ಬರುವುದಿಲ್ಲ. ನಾನು ಕಥೆಯನ್ನು ಹತ್ತು ಹನ್ನೆರಡು ಗಳಿಗೆಗಳಾಗಿ ಒಡೆದು ಪಟ್ಟಿ ಮಾಡಿದೆ. ಉಗುರು ಸೋಕದಂತೆ ಅಂಗೈಯಲ್ಲಿ ಕೊಡ ಹಿಡಿದ ಅಕ್ಕ. ಅಮ್ಮನಿಗೆ ಗೊತ್ತಾಗದ ಹಾಗೆ ಮನೆಯಲ್ಲಿ ತುಂಬಿದ ಹೂವಿನ ಘಮ. ಅರಮನೆ ಕಿಟಕಿಯಲ್ಲಿ ಹೂವಿನ ದಂಡೆ. ತೋಟದಲ್ಲಿ ನಗುವ ಹುಡುಗಿಯರು.

ಪಟ್ಟಿ ನೋಡುತ್ತಾ ಕೂತಾಗ ಒಂದು ವಸ್ತು ನನ್ನನ್ನು ಬಿಡಲಿಲ್ಲ. ಎರಡನೇ ಕೊಡ. ಹುಡುಗಿಯರು ಕೊಂಬೆ ಜಗ್ಗುತ್ತಿರುವಾಗ ಆ ಕೊಡ ಪಕ್ಕದಲ್ಲಿ ತುಂಬಿ ನಿಂತಿರುತ್ತದೆ. ಅವಳು ಮತ್ತೆ ಅವಳಾಗುವುದು ಆ ನೀರಿನಲ್ಲಿದೆ. ಯಾರೂ ಅದರ ಕಡೆ ನೋಡುತ್ತಿಲ್ಲ. ಚಿತ್ರದಲ್ಲಿ ಆ ಕೊಡವನ್ನು ಮುಂದೆ, ದೊಡ್ಡದಾಗಿ ಇಟ್ಟು, ಅದರ ನೀರಿನ ಮೇಲೆ ಗಿಡದ ನೆರಳನ್ನೂ ಉದುರಿದ ಎರಡು ಎಲೆಗಳನ್ನೂ ಹಾಕಿದರೆ? ಹುಡುಗಿಯರ ಕೈಗಳು ಮಾತ್ರ ಮೇಲಿನ ಅಂಚಿನಲ್ಲಿ ಕಂಡರೆ ಸಾಕು.

ನೀವೂ ಹೀಗೇ ಮಾಡಿ ನೋಡಿ. ಕಥೆಯನ್ನು ಒಡೆಯಿರಿ. ಮೊದಲು ಹೊಳೆದ ಮೂರು ಗಳಿಗೆಗಳನ್ನು ಬದಿಗಿಡಿ, ಅವು ಎಲ್ಲರಿಗೂ ಹೊಳೆಯುತ್ತವೆ. ಉಳಿದವುಗಳಲ್ಲಿ, ಇನ್ನೇನೋ ಆಗಲಿದೆ ಅನ್ನಿಸುವ ಗಳಿಗೆಯನ್ನೋ, ಆಗಿಹೋದ ಮೇಲೆ ಉಳಿದ ಮೌನವನ್ನೋ ಆರಿಸಿಕೊಳ್ಳಿ.

ನಾಲ್ಕನೆಯದು: ಎಷ್ಟು ತೋರಿಸಬೇಕು?

1990ರ ದಶಕದಲ್ಲಿ ಬೆಂಗಳೂರು ಮತ್ತು ಸುತ್ತಲಿನ ಊರುಗಳ ಮನೆಗಳಲ್ಲಿ ಬಾಗಿಲ ಮೇಲೆ, ಗೋಡೆ ಮೇಲೆ "ನಾಳೆ ಬಾ" ಅಂತ ಬರೆದಿದ್ದನ್ನು ನೋಡಿದವರು ಇವತ್ತಿಗೂ ಮರೆತಿಲ್ಲ. ರಾತ್ರಿ ಒಬ್ಬ ಹೆಣ್ಣು ದೆವ್ವ ಬಂದು ಬಾಗಿಲು ತಟ್ಟುತ್ತದೆ, ಮನೆಯವರ ದನಿಯಲ್ಲೇ ಕರೆಯುತ್ತದೆ, ತೆರೆದರೆ ಕಥೆ ಮುಗಿಯಿತು. ಗೋಡೆ ಮೇಲಿನ ಬರಹ ಓದಿದರೆ ಹಿಂದಿರುಗಿ ಹೋಗುತ್ತದೆ. ಮಾರನೇ ದಿನ ಬಂದರೂ ಅದೇ ಬರಹ.

ಈ ಕಥೆಯಲ್ಲಿ ದೆವ್ವ ಹೇಗಿತ್ತು ಅಂತ ಯಾರೂ ಹೇಳುವುದಿಲ್ಲ. ಇರುವುದು ಬಾಗಿಲು, ಚಿಲಕ, ಸೀಮೆಸುಣ್ಣದ ಎರಡು ಪದ, ಒಳಗೆ ಉಸಿರು ಹಿಡಿದ ಮನೆಮಂದಿ. ಅಮ್ಮನ ದನಿಯಲ್ಲಿ ಯಾರೋ ಕರೆಯುತ್ತಿದ್ದಾರೆ, ಅಮ್ಮ ಪಕ್ಕದಲ್ಲೇ ಮಲಗಿದ್ದಾರೆ! ಇದನ್ನು ಬರೆಯಲು ಮುಚ್ಚಿದ ಬಾಗಿಲು, ಬಾಗಿಲ ಕೆಳಗಿನ ಬೆಳಕಿನ ಗೆರೆ, ಆ ಗೆರೆಯ ನಡುವೆ ಒಂದು ಸಣ್ಣ ಕತ್ತಲು ಇದ್ದರೆ ಆಯಿತು.

ನಾರ್ವೆಯ ಚಿತ್ರಕಾರ ಥಿಯೋಡರ್ ಕಿಟ್ಟೆಲ್ಸನ್ ತನ್ನ ನಾಡಿನ ಜಾನಪದ ಜೀವಿಗಳನ್ನು ಬರೆಯುತ್ತಲೇ ಬದುಕಿದವನು. ಕೊಳದಲ್ಲಿ ವಾಸಿಸುವ ನೀರುದೆವ್ವವನ್ನು 1904ರಲ್ಲಿ ಅವನು ಬರೆದ ರೀತಿ ನೋಡಿ: ಕಾಡಿನ ಕಪ್ಪು ಕೊಳ, ನೀರಿನಿಂದ ತುಸುವೇ ಮೇಲೆದ್ದ ತಲೆ, ಎರಡು ಬಿಳಿ ಕಣ್ಣು. ಅದು ಕಲ್ಲೋ ಮರದ ಬೊಡ್ಡೆಯೋ ಅಂತ ಅನುಮಾನ ಬರುವಷ್ಟು ಕಡಿಮೆ ತೋರಿಸಿದ್ದಾನೆ.

ಹಾಗಂತ ಯಾವಾಗಲೂ ಮುಚ್ಚಿಡಲೇಬೇಕು ಅಂತಿಲ್ಲ. ನಮ್ಮ ಯಕ್ಷಗಾನ ಇನ್ನೊಂದು ದಾರಿ ತೋರಿಸುತ್ತದೆ. ಅದರ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಮುಖದ ತುಂಬ ಅಕ್ಕಿ ಹಿಟ್ಟು ಮತ್ತು ಸುಣ್ಣದ ಉಬ್ಬು ಚುಕ್ಕೆಗಳ ಚಿಟ್ಟಿ ಇಟ್ಟುಕೊಳ್ಳಲು ಗಂಟೆಗಟ್ಟಲೆ ಕೂರುತ್ತದೆ. ಅಷ್ಟು ಕಷ್ಟಪಟ್ಟು ಮಾಡಿದ ಮುಖವನ್ನು ಒಮ್ಮೆಗೇ ತೋರಿಸುವುದಿಲ್ಲ. ಮೊದಲು ತೆರೆಯ ಹಿಂದೆ ಕುಣಿತ. ಕಿರೀಟದ ತುದಿ, ತೆರೆ ಹಿಡಿದ ಬೆರಳು, ಒಂದು ಅಬ್ಬರ. ಆಮೇಲೆ ಮುಖ. ಚಿತ್ರದಲ್ಲಿ ರಾಕ್ಷಸನನ್ನು ಪೂರ್ತಿ ತೋರಿಸಲೇಬೇಕಾದರೆ ಅವನ ಮುಂದೆ ಒಂದು ತೆರೆ ಹುಡುಕಿ. ಬಾಳೆ ಎಲೆ, ಹೊಗೆ, ಮಳೆ, ಒಣಹಾಕಿದ ಸೀರೆ, ಯಾವುದಾದರೂ ಆದೀತು.

ಐದನೆಯದು: ನಮ್ಮವರು ಹೇಗೆ ಬರೆದಿದ್ದಾರೆ ನೋಡಿ

ಬೇರೆಯವರ ಕೆಲಸ ನೋಡುವ ಹೊತ್ತು ಇದು, ಮೊದಲಲ್ಲ. ರಾಮನಗರದ ಹತ್ತಿರ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ, ಮೈಸೂರಿನ ಮಾನಸಗಂಗೋತ್ರಿಯ ಜಾನಪದ ವಸ್ತುಸಂಗ್ರಹಾಲಯ, ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತು, ಈ ಮೂರರಲ್ಲಿ ಹತ್ತಿರದ್ದಕ್ಕೆ ಹೋಗಿ. ಒಂದು ದಿನಕ್ಕೆ ಎರಡೇ ವಸ್ತು ನೋಡಿ, ಆದರೆ ಬರೆದುಕೊಂಡು ನೋಡಿ.

ಪರಿಷತ್ತಿನಲ್ಲಿ ತೊಗಲು ಗೊಂಬೆಗಳಿವೆ. ಹದ ಮಾಡಿದ ತೊಗಲಿಗೆ ಬಣ್ಣ ಹಾಕಿ, ಸಣ್ಣ ಸಣ್ಣ ತೂತು ಕೊರೆದು, ಪರದೆಯ ಹಿಂದೆ ದೀಪದ ಮುಂದೆ ಹಿಡಿಯುತ್ತಾರೆ. ಬೆಳಕು ಬಣ್ಣದ ಮೂಲಕ ಹಾದು ಬರುತ್ತದೆ. ಜಲವರ್ಣ ಮಾಡುವವರಿಗೆ ಇದರಲ್ಲಿ ದೊಡ್ಡ ಪಾಠವಿದೆ. ಬಿಳಿ ಕಾಗದವೇ ನಿಮ್ಮ ದೀಪ. ತೆಳ್ಳಗೆ ಪದರ ಪದರವಾಗಿ ಬಣ್ಣ ಹಾಕಿದರೆ ಒಳಗಿಂದ ಬೆಳಗುತ್ತದೆ. ಮಂದವಾಗಿ ಬಳಿದರೆ ದೀಪ ಆರಿಹೋಗುತ್ತದೆ.

ಶಿವಮೊಗ್ಗ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳ ಚಿತ್ತಾರ ಇನ್ನೊಂದು. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಭೂಮಿ ಹುಣ್ಣಿಮೆಗೆ ಹೊಲಕ್ಕೆ ಚರಗ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ. ಭೂಮಿಯನ್ನು ಬಸುರಿ ಹೆಂಗಸು ಅಂತ ನಂಬಿ ಬಯಕೆ ಊಟ ಒಯ್ಯುವ ಬುಟ್ಟಿ ಅದು. ಕಣ್ಣಿಗೆ ಕಾಣದ್ದನ್ನು ಬರೆಯುವಾಗ ಭಯವೇ ಬೇಕು ಅಂತೇನಿಲ್ಲ, ಅಕ್ಕರೆಯೂ ಆಗುತ್ತದೆ ಅಂತ ನನಗೆ ತೋರಿಸಿಕೊಟ್ಟದ್ದು ಇದು.

ವಸ್ತುಸಂಗ್ರಹಾಲಯ ದೂರವಾದರೆ ಊರ ಹೊರಗಿನ ವೀರಗಲ್ಲು ನೋಡಿ. ಸಾಮಾನ್ಯವಾಗಿ ಮೂರು ಪಟ್ಟಿ. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಸಾವಿನ ಆಚೆಗಿನದ್ದನ್ನು ಒಂದೇ ಕಲ್ಲಿನಲ್ಲಿ ಹೇಳುವ ಈ ಅಂತಸ್ತುಗಳನ್ನು ನಿಮ್ಮ ಕ್ಯಾನ್ವಾಸ್‌ಗೂ ತರಬಹುದು. ಕರಾವಳಿಯ ನಾಗಪೂಜೆಯಲ್ಲಿ ನೆಲದ ಮೇಲೆ ಬರೆಯುವ ನಾಗಮಂಡಲದ ಐದು ಬಣ್ಣಗಳೂ ಹಾಗೇ: ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಅಷ್ಟು ದೊಡ್ಡ ಮಂಡಲಕ್ಕೆ ಐದೇ ಬಣ್ಣ ಸಾಕಾಗಿದೆ.

ದೈವದ ವಿಷಯಕ್ಕೆ ಬಂದಾಗ

ತುಳುನಾಡಿನ ಭೂತವನ್ನು ದೆವ್ವ ಅಂದುಕೊಂಡು ಬರೆಯುವವರನ್ನು ನೋಡಿದಾಗ ನನಗೆ ಬೇಸರವಾಗುತ್ತದೆ. ಅಲ್ಲಿ ಭೂತ ಅಂದರೆ ದೈವ. ಹಂದಿಯ ರೂಪದ ಪಂಜುರ್ಲಿ, ಉಗ್ರವಾದ ಗುಳಿಗ, ಇವರ ಮುಂದೆ ಜನ ತಮ್ಮ ಕಷ್ಟ ಹೇಳಿಕೊಂಡು ನ್ಯಾಯ ಕೇಳುತ್ತಾರೆ. ಕೋಲ, ಅಂದರೆ ದೈವದ ವೇಷ ತೊಟ್ಟು ಕುಣಿಯುವ ಆರಾಧನೆ, ಕಟ್ಟುವುದು ಪಂಬದ, ಪರವ, ನಲಿಕೆ ಸಮುದಾಯದವರು. ಕೋಲಕ್ಕೆ ಹೋದರೆ ಮನೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಜಾಗದಲ್ಲಿ ನಿಲ್ಲಿ. ಫ್ಲಾಶ್ ಬೇಡ. ಆವೇಶದ ಹೊತ್ತಿನಲ್ಲಿ ಸ್ಕೆಚ್ ಪುಸ್ತಕ ಚೀಲದಲ್ಲೇ ಇರಲಿ.

ಬರೆಯಲು ಸುತ್ತಮುತ್ತ ಬೇಕಾದಷ್ಟಿದೆ. ಎಳೆ ತೆಂಗಿನ ಗರಿಯಿಂದ ಸೊಂಟದ ಸಿರಿ ಹೆಣೆಯುವ ಕೈ, ನೆಲದ ಮೇಲಿಟ್ಟ ಕಾಲಿನ ಗಗ್ಗರ, ದೊಂದಿಯ ಹೊಗೆ, ನಿದ್ದೆಗಣ್ಣಿನಲ್ಲಿ ಕಾಯುವ ಮಕ್ಕಳು. ಮುಖಕ್ಕೆ ಹಚ್ಚುವ ಹಳದಿ ಅರದಾಳ ಅನ್ನುವ ಖನಿಜದ್ದು. ಅದನ್ನು ತಂದು ನಿಮ್ಮ ಚಿತ್ರಕ್ಕೆ ಬಳಸುವ ಯೋಚನೆ ಬೇಡ, ಅರದಾಳದಲ್ಲಿ ಆರ್ಸೆನಿಕ್ ಇದೆ. ಟ್ಯೂಬ್‌ನ ಹಳದಿಗೆ ಒಂದು ಚುಕ್ಕೆ ಕಿತ್ತಳೆ ಬೆರೆಸಿದರೆ ಹತ್ತಿರದ ಬಣ್ಣ ಸಿಗುತ್ತದೆ.

ಕೋಲ ಬರೆಯಲು ಮನಸ್ಸು ಅಳುಕಿದರೆ ಆಟಿ ಕಳೆಂಜನಿಂದ ಶುರು ಮಾಡಿ. ತುಳುವರ ಆಟಿ ತಿಂಗಳ ಜಡಿಮಳೆಯಲ್ಲಿ ಮನೆ ಮನೆಗೆ ಬಂದು ರೋಗ ರುಜಿನ ಕಳೆಯುವವನು. ತಾಳೆಗರಿಯ ಕೊಡೆ, ಹಸಿರು ಅಂಗಳ, ಅಕ್ಕಿ ಹಿಡಿದು ಬಾಗಿಲಲ್ಲಿ ನಿಂತ ಮಗು. ನನಗಂತೂ ಇದಕ್ಕಿಂತ ಚೆಂದದ ಮಳೆ ಚಿತ್ರ ಇನ್ನೊಂದಿಲ್ಲ.

ಇನ್ನು ಕುಂಚ ಹಿಡಿಯಿರಿ

ಮೊದಲು ಇಸ್ಪೀಟ್ ಎಲೆಯಷ್ಟು ಚಿಕ್ಕ ಚೌಕಟ್ಟುಗಳನ್ನು ಹಾಕಿಕೊಂಡು ಹನ್ನೆರಡು ಸ್ಕೆಚ್ ಮಾಡಿ. ಕಪ್ಪು, ಬೂದು, ಬಿಳಿ, ಮೂರೇ. ಇದ್ದಿಲು ಅಥವಾ ಮೆತ್ತನೆ ಪೆನ್ಸಿಲ್ ಸಾಕು. ಗೋಡೆಗೆ ಅಂಟಿಸಿ ಕೋಣೆಯ ಆಚೆ ತುದಿಯಿಂದ ನೋಡಿ. ಅಷ್ಟು ದೂರದಿಂದಲೂ ಕಣ್ಣು ಯಾವುದರ ಮೇಲೆ ನಿಲ್ಲುತ್ತದೋ ಅದನ್ನು ತೆಗೆದುಕೊಳ್ಳಿ.

ರಾತ್ರಿಗೆ ಟ್ಯೂಬ್‌ನ ಕಪ್ಪು ಬೇಡ, ಸತ್ತ ಹಾಗೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಅಂಬರ್ ಬೆರೆಸಿ. ನೀಲಿ ಜಾಸ್ತಿ ಆದರೆ ತಣ್ಣನೆ ಕತ್ತಲು, ಕಂದು ಜಾಸ್ತಿ ಆದರೆ ಮನೆಯೊಳಗಿನ ಬೆಚ್ಚನೆ ಕತ್ತಲು. ಇಡೀ ಚಿತ್ರದಲ್ಲಿ ಬೆಳಕಿನ ಜಾಗ ಅಂಗೈಯಷ್ಟು ಚಿಕ್ಕದಿರಲಿ. ಜಲವರ್ಣವಾದರೆ ಆ ಜಾಗದ ಕಾಗದವನ್ನು ಮೊದಲಿಂದಲೇ ಬಿಟ್ಟುಕೊಳ್ಳಿ, ಕಾಗದ 300 ಜಿಎಸ್‌ಎಂ ಇದ್ದರೆ ನೀರಿಗೆ ಅಷ್ಟಾಗಿ ಸುರುಟುವುದಿಲ್ಲ. ಅಕ್ರಿಲಿಕ್ ಒಣಗಿದ ಮೇಲೆ ಗಾಢವಾಗುತ್ತದೆ, ಹಾಗಾಗಿ ಒಂದು ಕೂದಲೆಳೆ ತಿಳಿಯಾಗಿಯೇ ಹಾಕಿ. ಅರಿಶಿನದಲ್ಲಿ ಬರೆಯುವ ಆಸೆ ಇದ್ದರೆ ಸ್ಕೆಚ್‌ಗೆ ಬಳಸಿ. ಬಿಸಿಲು ಬೆಳಕಿಗೆ ಅದು ಬೇಗ ಮಾಸುತ್ತದೆ.

ಅಂಚುಗಳ ಮೇಲೆ ಗಮನವಿಡಿ. ಮನುಷ್ಯರ ಲೋಕದ ವಸ್ತುಗಳಿಗೆ, ಅಂದರೆ ತಂಬಿಗೆ, ಚಿಲಕ, ಕೊಡಕ್ಕೆ, ಚೂಪಾದ ಅಂಚು ಕೊಡಿ. ಆಚೆ ಲೋಕದ್ದಕ್ಕೆ ಅಂಚು ಕರಗಿರಲಿ. ಕಾಲು ತಿರುಗಿದೆ, ನೆರಳು ಬೀಳಲಿಲ್ಲ ಅಂತೆಲ್ಲ ಕಥೆಯಲ್ಲಿ ಬರುತ್ತದಲ್ಲ, ಅಂಥ ಗುರುತು ಒಂದೇ ಸಾಕು. ಅದೂ ಎರಡನೇ ಸಲ ನೋಡಿದಾಗ ಸಿಗುವ ಕಡೆ.

ಮುಗಿದ ಮೇಲೆ ಕಥೆ ಹೇಳಿದವರಿಗೇ ಮೊದಲು ತೋರಿಸಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಸುಮ್ನೆ ಕೈಗೆ ಕೊಟ್ಟು ಕಾಯಿರಿ.

ಕೊಳ್ಳಿ ದೆವ್ವವನ್ನು ನಾನು ಮತ್ತೆ ಬರೆದೆ. ಮುಕ್ಕಾಲು ಕಾಗದ ಕತ್ತಲು, ಅಡ್ಡಲಾಗಿ ಕೆರೆ ಏರಿ, ದೂರದಲ್ಲಿ ಅಕ್ಕಿ ಕಾಳಿನಷ್ಟು ಕಿತ್ತಳೆ ಬೆಳಕು, ನೀರಿನಲ್ಲಿ ಅದರ ಪ್ರತಿಬಿಂಬ ಮಾತ್ರ ತುಸು ಉದ್ದ. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು. ಬೆರಳಿನಿಂದ ಏರಿಯ ಎಡಗಡೆ ಮುಟ್ಟಿ, "ಇಲ್ಲೊಂದು ಹೊಂಗೆ ಮರ ಇತ್ತು ಮಗಾ. ನಾನು ಅದರ ಹಿಂದೆ ನಿಂತಿದ್ದೆ" ಅಂದರು.

ಆ ಮರವನ್ನು ಅವತ್ತೇ ಸೇರಿಸಿದೆ.